ಲ್ಯಾಮಿನೇಷನ್ ಮಾಡಿಸಿದ ಚೀಟಿ

ಕಳೆದ ತಿಂಗಳು ಪಿಎಫ್ ಕಾಗದಕ್ಕೆ ಒಂದು ಸಹಿ ಬೇಕಾಗಿ ಗೋವಾದ ಮಡ್ಕಯಿಗೆ ಹೋಗಬೇಕಾಯಿತು. ಬಸ್ಸಿಳಿದು ಇಂಡಸ್ಟ್ರಿಯಲ್ ಎಸ್ಟೇಟಿನ ಒಳರಸ್ತೆಯಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಮಳೆಯ ಜೊತೆಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ದಾರಿಹೋಕರಿಗೆ ಅದು ಗೊತ್ತೂ ಆಗುವುದಿಲ್ಲ. ನಾಲ್ಕು ವರ್ಷ ಆ ವಾಸನೆಯಲ್ಲೇ ಉಸಿರಾಡಿದ ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಕೊಡೆ ಹಿಡಿದು ಗಟಾರದ ಪಕ್ಕದಲ್ಲಿ ಸುಮ್ಮನೆ ನಿಂತೆ. ಕಸ್ತೂರಿ ಇಲ್ಲದ ಐದನೆಯ ಮಳೆಗಾಲ ಇದು.

ನಾವಿದ್ದ ಖೋಲಿಗಳ ಸಾಲು ಇನ್ನೂ ಹಾಗೇ ಇದೆ. ಆರು ಖೋಲಿ, ಮುಂದೆ ಒಂದು ನಳ, ಹಿಂದೆ ಎರಡು ಸಂಡಾಸು. ಮಾಲಕ ಗೋಡೆಗೆ ಹಳದಿ ಬಣ್ಣ ಹೊಡೆಸಿದ್ದಾನೆ, ಅಷ್ಟೇ. ಈಗ ಅಲ್ಲಿ ಒಡಿಶಾದವರು, ಜಾರ್ಖಂಡದವರು. ನಳದಡಿ ಅಕ್ಕಿ ತೊಳೆಯುತ್ತಿದ್ದ ಹೆಂಗಸೊಬ್ಬಳು ಯಾರು ಬೇಕು ಎಂದು ಹಿಂದಿಯಲ್ಲಿ ಕೇಳಿದಳು. ಯಾರೂ ಬೇಡ ಎಂದು ಹೇಳಿ ಅಲ್ಲಿಂದ ಹೊರಟೆ. ಸಹಿ ಮಾಡಿಸಿಕೊಂಡು ಬಂದರೂ ಆ ದಿನವಿಡೀ ತಲೆ ಭಾರವಾಗೇ ಇತ್ತು.

ನಾನು ಸುವರ್ಣಾ, ಇಂಡಿ ತಾಲೂಕಿನವಳು. ನನ್ನ ಗಂಡ ಡಿಚೋಲಿಯಲ್ಲಿ ಗಣಿಯ ಲಾರಿ ಓಡಿಸುತ್ತಿದ್ದ. ಗಣಿ ಬಂದಾಗಿ ಲಾರಿಗಳು ನಿಂತ ಮೇಲೆ ಮಡ್ಕಯಿಗೆ ಬಂದು ಒಂದು ಗೋದಾಮಿನ ಕಾವಲಿಗೆ ಸೇರಿಕೊಂಡ. ನಾನು ಪ್ಲಾಸ್ಟಿಕ್ ಡಬ್ಬಿ ಮಾಡುವ ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟರನ ಕೈಕೆಳಗೆ ಸೇರಿದೆ. ಮಶೀನಿನಿಂದ ಬಿಸಿಬಿಸಿಯಾಗಿ ಬೀಳುವ ಡಬ್ಬಿಗಳ ಅಂಚಿನಲ್ಲಿ ಉಳಿದ ಹೆಚ್ಚಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಹೆರೆದು ತೆಗೆಯುವುದು ನಮ್ಮ ಕೆಲಸ. ಎಂಟು ತಾಸು ನಿಂತೇ ಮಾಡಬೇಕು. ನಮ್ಮ ಸಾಲಿನ ಹೆಂಗಸರಲ್ಲಿ ಪಿಯುಸಿ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಇಂಗ್ಲಿಷಿನಲ್ಲಿ ನಪಾಸಾಗಿದ್ದೆ ನಿಜ, ಆ ಭಾಗವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೀಗಾಗಿ ಫಾರ್ಮು ತುಂಬಲು ಸುವರ್ಣಕ್ಕ, ಬ್ಯಾಂಕಿಗೆ ಸುವರ್ಣಕ್ಕ, ಶಾಲೆಯ ಮೇಡಮ್ಮಿನ ಜೊತೆ ಮಾತಾಡಲು ಸುವರ್ಣಕ್ಕ. ನನಗೂ ಅದು ಹಿತವಾಗಿತ್ತು. ದೊಡ್ಡಸ್ತಿಕೆ ಯಾರಿಗೆ ಬೇಡ?

ಕಂಟ್ರಾಕ್ಟರನ ಹತ್ತಿರ ರಜೆ ಎಂಬ ಮಾತೇ ಇರಲಿಲ್ಲ. ಒಂದು ದಿನ ಹೋಗದಿದ್ದರೆ ಆ ದಿನದ ಹಾಜರಿ ಹೋಯಿತು. ಮೇಲಿಂದ ಮೇಲೆ ತಪ್ಪಿಸಿದರೆ ನಮ್ಮ ಜಾಗದಲ್ಲಿ ಬೇರೊಬ್ಬಳು ಬ್ಲೇಡು ಹಿಡಿದು ನಿಂತಿರುತ್ತಿದ್ದಳು. ಆಸ್ಪತ್ರೆ, ಬ್ಯಾಂಕು, ರೇಷನ್ನು, ಗ್ಯಾಸಿನ ಆಫೀಸು ಎಲ್ಲವೂ ನಾವು ಒಳಗಿದ್ದ ಹೊತ್ತಿನಲ್ಲೇ ತೆರೆದು, ನಾವು ಹೊರಬರುವುದರೊಳಗೆ ಮುಚ್ಚುತ್ತಿದ್ದವು. ಅದಕ್ಕೆ ನಾವೊಂದು ಪದ್ಧತಿ ಮಾಡಿಕೊಂಡಿದ್ದೆವು. ಹದಿನೈದು ದಿನಕ್ಕೊಮ್ಮೆ ಒಬ್ಬಳ ಪಾಳಿ. ಪಾಳಿಯವಳು ಒಂದು ದಿನ ಮನೆಯಲ್ಲುಳಿದು ಇಡೀ ಸಾಲಿನ ಹೊರಗಿನ ಕೆಲಸ ಮುಗಿಸಬೇಕು. ಒಬ್ಬಳ ಪಾಸ್‌ಬುಕ್ಕು, ಇನ್ನೊಬ್ಬಳ ಆಧಾರು, ಮತ್ತೊಬ್ಬಳ ಮಗುವಿನ ಕೆಮ್ಮಿನ ಔಷಧಿ ಎಲ್ಲವನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಆಕೆ ಊರು ಸುತ್ತಿ ಬರುತ್ತಿದ್ದಳು. ಈ ಪದ್ಧತಿ ಹೊಳೆದದ್ದು ನನಗೇ. ಇದರಿಂದ ನಮಗೆ ಎಷ್ಟೋ ಅನುಕೂಲವಾಯಿತು, ಅದನ್ನು ಇವತ್ತೂ ಅಲ್ಲಗಳೆಯುವುದಿಲ್ಲ.

ಕಸ್ತೂರಿ ನಮ್ಮ ಪಕ್ಕದ ಖೋಲಿಯವಳು. ಮುದ್ದೇಬಿಹಾಳದ ಕಡೆಯ ಹೆಣ್ಣು, ಮೂವತ್ತೆರಡರ ವಯಸ್ಸು, ಎತ್ತರದ ಆಳು. ಫ್ಯಾಕ್ಟರಿಯಲ್ಲಿ ನನ್ನ ಬಲಗಡೆಗೇ ನಿಲ್ಲುತ್ತಿದ್ದಳು. ನಾನು ಹತ್ತು ಡಬ್ಬಿ ಹೆರೆಯುವುದರೊಳಗೆ ಹದಿನೈದು ಮುಗಿಸಿ, "ಮಾಸ್ತರಾ, ಕೈ ನಡೀಲಿ" ಎಂದು ನನ್ನನ್ನು ಕಾಡುತ್ತಿದ್ದಳು. ಗಂಡ ಯಮನಪ್ಪ ಎಸ್ಟೇಟಿನಲ್ಲಿ ಲಾರಿ ತುಂಬುವ ಹಮಾಲಿ. ಕುಡಿತವಿಲ್ಲ, ಹೊಡೆತವಿಲ್ಲ, ದೇವರಂಥ ಮನುಷ್ಯ ಎಂದು ನಾವೆಲ್ಲ ಹೊಗಳುತ್ತಿದ್ದೆವು. ಭಾಗ್ಯ ಎಂಬ ಹನ್ನೊಂದು ವರ್ಷದ ಮಗಳು, ಅವಳ ಕೆಳಗೊಬ್ಬಳು, ಕೊನೆಗೆ ನಾಲ್ಕು ವರ್ಷದ ಗಂಡು ಮಗು. ಪ್ರತಿ ಭಾನುವಾರ ಊರಿಂದ ಅತ್ತೆಯ ಫೋನು. ಎರಡು ಹೆಣ್ಣಿಗೆ ಒಂದೇ ಗಂಡು ಸಾಲದು, ಇನ್ನೊಂದಾಗಲಿ, ಆಮೇಲೆ ಆಪರೇಶನ್ ಎಂಬುದು ಆ ಮುದುಕಿಯ ಪಟ್ಟು.

ಆ ವರ್ಷ ಮೇ ಕೊನೆಗೇ ಮಳೆ ಶುರುವಾಗಿತ್ತು. ಒಂದು ಮುಂಜಾನೆ ನಳದ ಹತ್ತಿರ ಕಸ್ತೂರಿ ಕೊಡ ಬಿಟ್ಟು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಹನ್ನೆರಡ ದಿನ ಮ್ಯಾಲಾಗಿತ್ತು. ನಿನ್ನಿ ಹೊರಗಾದೆ. ಹೋದ ಜೀವ ಬಂದಂಗಾತು ನೋಡು."

"ಆಪರೇಶನ್ ಮಾಡಿಸ್ಕೊಂಡು ಬಿಡಬಾರದೇನ?" ಎಂದೆ.

"ಅತ್ತಿ ಬಿಡಬೇಕಲ್ಲ. ಇವ್ರು ಅವ್ವನ ಮಾತು ಮೀರಾವ್ರಲ್ಲ. ಖರೇ ಹೇಳ್ತೇನಿ ಅಕ್ಕಾ, ಇನ್ನೊಂದು ಹಡ್ಯಾಕ ಹ್ವಾದ್ರ ನಾ ಉಳ್ಯಾಂಗಿಲ್ಲ. ಸಣ್ಣಾವ ಹೊಟ್ಟ್ಯಾಗಿದ್ದಾಗ ಕಾಲು ಎಷ್ಟು ಬಾತಿದ್ವು ಅಂತಿ, ಚಪ್ಪಲಿ ಹತ್ತತಿದ್ದಿಲ್ಲ. ಕಣ್ಣು ಮಂಜ ಆಗ್ತಿದ್ವು. ಬಿಪಿ ಏರೇತಿ ಅಂತ ಡಾಕ್ಟರ್ ಬೈದಿದ್ರು."

"ಬಸರಾಗ ಅದೆಲ್ಲಾ ಇರೂದ. ಹಡದ ಮ್ಯಾಲೆ ಇಳದು ಹೋಗಿರ್ತೈತಿ ಬಿಡು" ಎಂದೆ. ಎಲ್ಲ ತಿಳಿದವಳ ಹಾಗೆ ಎಂದೆ. ಮಕ್ಕಳಾಗದ ಹಾಗೆ ಗುಳಿಗೆ ಸಿಗುತ್ತದೆ, ದಿನಕ್ಕೊಂದು ನುಂಗಿದರೆ ಸಾಕು, ಗಂಡನಿಗೂ ತಿಳಿಯುವುದಿಲ್ಲ ಎಂದು ಹೇಳಿದವಳೂ ನಾನೇ. ನನಗೂ ಅದು ಬೇಕಾಗಿತ್ತು. ಮುಂದಿನ ಪಾಳಿ ನನ್ನದೇ ಇತ್ತು.

ಜೂನ್ ಮೊದಲ ವಾರ ಸರಕಾರಿ ದವಾಖಾನೆಗೆ ಹೋದೆ. ಬೆಂಚಿನ ಮೇಲೆ ಬಸುರಿಯರ ಸಾಲು, ಎಲ್ಲರ ಕೊಡೆಗಳಿಂದ ಇಳಿದ ನೀರು ನೆಲದ ತುಂಬ. ನನ್ನ ಸರದಿ ಬಂದಾಗ ನರ್ಸಬಾಯಿ ರಟ್ಟೆಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಪಟ್ಟಿ ಬಿಗಿಯಾಯಿತು, ಸಡಿಲಾಯಿತು. "ಬರೆಂ ಆಸಾ ಬಾಯ್" ಎಂದಳು, ಚೆನ್ನಾಗಿದೆ ಎಂದು. ನೂರಾ ಹತ್ತಕ್ಕೆ ಎಪ್ಪತ್ತು. ಒಳಗಿದ್ದ ಡಾಕ್ಟರಮ್ಮ ಹಿಂದಿಯಲ್ಲಿ ಒಂದೊಂದಾಗಿ ಕೇಳಿದಳು. ಪದೇ ಪದೇ ತಲೆನೋವು ಬರುತ್ತದೆಯೇ? ಇಲ್ಲ. ತಂಬಾಕು? ಇಲ್ಲ. ಬಸುರಿದ್ದಾಗ ಕಾಲು ಬಾತಿದ್ದವೇ, ಬಿಪಿ ಏರಿತ್ತೇ? ಇಲ್ಲ. ಪಿಯುಸಿ ನಪಾಸಾದವಳು ಆ ದಿನ ಎಲ್ಲ ಪ್ರಶ್ನೆಗೂ ಸರಿಯುತ್ತರ ಕೊಟ್ಟೆ. ಬಿಪಿ ಇದ್ದವರು ಈ ಗುಳಿಗೆಯನ್ನು ಮುಟ್ಟಬಾರದು, ಇಲ್ಲದವರೂ ನಡುನಡುವೆ ನೋಡಿಸಿಕೊಳ್ಳುತ್ತಿರಬೇಕು, ಮೂರು ತಿಂಗಳಿಗೆ ಮತ್ತೆ ಬಾ ಎಂದಳು.

ಕಾಲು ಬಾತಿದ್ದವೇ ಎಂದು ಕೇಳಿದಾಗ ನನಗೆ ಕಸ್ತೂರಿಯ ಚಪ್ಪಲಿಯ ಮಾತು ನೆನಪಾಗಲಿಲ್ಲವೆಂದು ಹೇಳಿದರೆ ಅದು ಶುದ್ಧ ಸುಳ್ಳು. ನೆನಪಾಯಿತು. ಆದರೆ ಅಲ್ಲಿ ಕೂತಿದ್ದವಳು ನಾನು, ಪಟ್ಟಿ ಸುತ್ತಿದ್ದು ನನ್ನ ರಟ್ಟೆಗೆ. ಇನ್ನೊಬ್ಬಳ ವಿಷಯ ಎತ್ತಿದರೆ ಆಕೆಯನ್ನೂ ಕರೆದುಕೊಂಡು ಬಾ ಎನ್ನುತ್ತಾರೆ, ಆಕೆಯ ಹಾಜರಿ ಹೋಗುತ್ತದೆ, ಸಾಲದ್ದಕ್ಕೆ ಗುಳಿಗೆ ಕೊಡದೇ ಇದ್ದರೂ ಇದ್ದರು. ಇಷ್ಟೆಲ್ಲ ಒಂದೇ ಕ್ಷಣದಲ್ಲಿ ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡೆ. ಊರಿಗೆ ಹೋದರೆ ಅಲ್ಲಿ ಕೊಳ್ಳಲು ಬೇಕು, ಗುಳಿಗೆಯ ಹೆಸರು ಬರೆದುಕೊಡಿ ಎಂದು ಕೇಳಿ ಚೀಟಿಯನ್ನೂ ಬರೆಸಿಕೊಂಡೆ. ಅದರಲ್ಲಿ ನನ್ನ ಹೆಸರು, ನನ್ನ ವಯಸ್ಸು, ನನ್ನ ಬಿಪಿ.

ಮಳೆಗಾಲದಲ್ಲಿ ಕಾಗದ ನಾಲ್ಕು ದಿನ ಬಾಳುವುದಿಲ್ಲವೆಂದು ಬರುವ ದಾರಿಯಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ಆ ಚೀಟಿಗೆ ಲ್ಯಾಮಿನೇಷನ್ ಮಾಡಿಸಿದೆ. ನನ್ನ ಬುದ್ಧಿವಂತಿಕೆಗೆ ಸಾಲಿನ ಹೆಂಗಸರೆಲ್ಲ ತಲೆದೂಗಿದರು. ಅಂದಿನಿಂದ ಪಾಳಿ ಯಾರದ್ದೇ ಇರಲಿ, ಕೈಚೀಲದಲ್ಲಿ ರೇಷನ್ ಕಾರ್ಡಿನ ಜೊತೆ ಆ ಚೀಟಿಯೂ ಹೋಗುತ್ತಿತ್ತು. ಪೇಟೆಯ ಒಂದು ಮೆಡಿಕಲ್ಲಿನಲ್ಲಿ ಎರಡು ಸ್ಟ್ರಿಪ್, ಇನ್ನೊಂದರಲ್ಲಿ ಎರಡು. ನನಗೊಂದು, ಕಸ್ತೂರಿಗೊಂದು, ಬಾಗಲಕೋಟೆಯ ಹಸೀನಾಳಿಗೊಂದು, ಕೊನೆಯ ಖೋಲಿಯ ಹೊಸ ಮದುವಣಗಿತ್ತಿಗೊಂದು. ಒಂದು ರಟ್ಟೆಯ ಬಿಪಿಯ ಮೇಲೆ ನಾಲ್ಕು ಹೆಂಗಸರು ಗುಳಿಗೆ ನುಂಗಿದೆವು. ರೇಷನ್ನಿಗೆ, ಬ್ಯಾಂಕಿಗೆ ಒಬ್ಬಳು ಹೋದರೆ ನಡೆಯುತ್ತದೆ. ಮೈ ತೋರಿಸುವುದಕ್ಕೂ ಒಬ್ಬಳನ್ನೇ ಕಳಿಸಿದೆವಲ್ಲ, ಅದು ನಮ್ಮಂಥವರಿಗೆ ಮಾತ್ರ ಹೊಳೆಯುವ ಜಾಣತನ.

ಕಸ್ತೂರಿ ತನ್ನ ಸ್ಟ್ರಿಪ್ಪನ್ನು ಮಸಾಲೆ ಖಾರದ ಡಬ್ಬಿಯ ತಳದಲ್ಲಿ ಇಟ್ಟಿದ್ದಳು, ಗಂಡಸರು ಕೈ ಹಾಕದ ಜಾಗವೆಂದು. ಸಂಜೆ ಫ್ಯಾಕ್ಟರಿಯ ಭೋಂಗಾ ಕೂಗಿ ಖೋಲಿಗೆ ಬಂದಳೆಂದರೆ ಒಲೆಯ ಮುಂದೆ ನಿಂತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ನಾನೇ ಎರಡು ಸಲ ಮರೆತಿದ್ದೆ. ಮೊದಲ ತಿಂಗಳು ಸರಿಯಾದ ದಿನಕ್ಕೆ ಮುಟ್ಟಾದಾಗ ಆಕೆ ಶೀರಾ ಮಾಡಿ ನಮ್ಮ ಖೋಲಿಗೆ ತಂದುಕೊಟ್ಟಳು. "ಯಾಕ ಕಸ್ತೂರಿ, ಏನ್ ವಿಶೇಷ?" ಎಂದು ನನ್ನ ಗಂಡ ಕೇಳಿದರೆ, "ಏನೂ ಆಗಿಲ್ರಿ ಮಾಮಾ, ಅದಕ್ಕ ಸ್ವೀಟ್" ಎಂದು ನಗುತ್ತ ಓಡಿಹೋದಳು. ಆ ಮಳೆಗಾಲದಲ್ಲಿ ನಾನು ಕಂಡ ಕಸ್ತೂರಿಯ ಕೊನೆಯ ಮನಸಾರೆ ನಗು ಅದು.

ಜುಲೈಯಲ್ಲಿ ಮಳೆ ಒಂದೇ ಸಮನೆ ಹೊಡೆಯಿತು. ಶೆಡ್ಡಿನ ತಗಡಿನ ಮೇಲೆ ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಎರಚಲು ಒಳಗೆ ಬರುತ್ತದೆಂದು ಕಿಟಕಿ ಮುಚ್ಚಿಬಿಟ್ಟರು, ಪ್ಲಾಸ್ಟಿಕ್ಕಿನ ಕಾವು, ವಾಸನೆ ಎಲ್ಲ ಒಳಗೇ ನಿಂತಿತು. ಎಲ್ಲರಿಗೂ ತಲೆನೋವು. ಹೀಗಾಗಿ ಕಸ್ತೂರಿಯ ತಲೆನೋವು ಬೇರೆ ಎಂದು ಯಾರಿಗೂ ಅನಿಸಲಿಲ್ಲ. ಆಕೆ ಹಣೆಗೆ ಬಾಮು ಬಳಿದು ಓಢಣಿಯನ್ನು ಬಿಗಿಯಾಗಿ ಕಟ್ಟಿಕೊಂಡು ಬರುತ್ತಿದ್ದಳು. ನಮ್ಮ ನೋವು ಹೊರಗಿನ ಗಾಳಿ ತಾಗಿದರೆ ಇಳಿಯುತ್ತಿತ್ತು. ಆಕೆಯದು ಮುಂಜಾನೆ ಏಳುವಾಗಲೇ ಹಿಂದಲೆಯಲ್ಲಿ ಹಿಡಿದುಕೊಂಡಿರುತ್ತಿತ್ತು. ಹಸೀನಾ ವಾಂತಿಯಾಗುತ್ತದೆಂದು ಹದಿನೈದೇ ದಿನಕ್ಕೆ ಗುಳಿಗೆ ಬಿಟ್ಟಳು. "ನೀನೂ ಬಿಡವಾ, ಮೈಗೆ ಒಗ್ಗಂಗಿಲ್ಲ ಅಂದ್ರ ಬಿಡಬೇಕು" ಎಂದು ಕಸ್ತೂರಿಗೂ ಹೇಳಿದಳು. ಕಸ್ತೂರಿ ಅವಳನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು.

ಆಗಸ್ಟಿನಲ್ಲಿ ಒಂದು ದಿನ ಹೆರೆಯುತ್ತಿದ್ದ ಬಿಳಿ ಡಬ್ಬಿಯ ಮೇಲೆ ಟಪಟಪನೆ ರಕ್ತ ಬಿತ್ತು. ಬ್ಲೇಡು ತಾಗಿತೆಂದು ನಾನು ಆಕೆಯ ಕೈ ನೋಡಿದೆ. ಕೈಗೆ ಏನೂ ಆಗಿರಲಿಲ್ಲ, ಮೂಗಿನಿಂದ ಸುರಿಯುತ್ತಿತ್ತು. ಸುಪರ್‌ವೈಜರ್ ಉಷ್ಣ ಎಂದ. ನನಗೆ ಮಾತ್ರ ಹಾಗನಿಸಲಿಲ್ಲ. ಆ ವಾರ ಕಸ್ತೂರಿಯ ಪಾಳಿ ಇತ್ತು. ಸಂಜೆ ಆಕೆಯ ಖೋಲಿಗೆ ಹೋದೆ.

"ನಾಳೆ ಹೆಂಗೂ ಹೊರಗ ಹೊಂಟಿ. ಮೊದಲ ದವಾಖಾನಿಗೆ ಹೋಗಿ ತೋರಿಸ್ಕೊಂಡು ಬಾ. ಬಿಪಿ ನೋಡ್ರಿ ಅನ್ನು" ಎಂದೆ.

"ಹೂಂ. ಗುಳಿಗಿ ತಗೋತೇನಿ ಅಂತ ಹೇಳ್ಲಿ?"

ಆಗ ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲು ಕೈ ಏಳುವುದಿಲ್ಲ. ಬರೆಯದಿದ್ದರೆ ಈ ಬರಹಕ್ಕೇ ಅರ್ಥವಿಲ್ಲ. "ಅದನ್ನ ಹೇಳಬ್ಯಾಡ. ಯಾರ ಚೀಟಿ ಅಂತ ಕೇಳ್ತಾರ. ಚೀಟಿ ನನ್ನ ಹೆಸರಿಲೆ ಐತಿ" ಎಂದೆ.

ಮರುದಿನ ಸಂಜೆ ಕಸ್ತೂರಿ ಎಲ್ಲರ ಸಾಮಾನು ಹಂಚಿದಳು. ಹಸೀನಾಳ ಪಾಸ್‌ಬುಕ್ಕಿಗೆ ಎಂಟ್ರಿ ಮಾಡಿಸಿದ್ದಳು, ನನ್ನ ಗ್ಯಾಸು ಬರೆಸಿದ್ದಳು, ಚವತಿ ಹಬ್ಬದ ಬೆಲ್ಲ ತಂದಿದ್ದಳು, ಹೊಸ ಸ್ಟ್ರಿಪ್ಪುಗಳನ್ನೂ ತಂದಿದ್ದಳು. ದವಾಖಾನೆಯಲ್ಲಿ ಏನೆಂದರು ಎಂದು ಕೇಳಿದೆ.

"ಹೋಗ್ಲಿಲ್ಲ ಅಕ್ಕಾ. ಬಾಗಿಲತನಕ ಹೋಗಿದ್ದೆ. ಏನ್ ಗುಳಿಗಿ ತಗೋತಿ ಅಂತ ಕೇಳಿದ್ರ ಏನ್ ಹೇಳ್ಲಿ? ನಿನ್ನಂಗ ಡಾಕ್ಟರ್ ಮುಂದ ನಿಂತು ಸುಳ್ಳು ಹೇಳಾಕ ನನಗ ಬರಂಗಿಲ್ಲ. ಹೇಳಿದ್ರ ನಿನ್ನ ಹೆಸರು ಹೊರಗ ಬರ್ತೈತಿ. ಹಬ್ಬ ಮುಗೀಲಿ, ನೋಡೂಣು."

ನನ್ನ ಹೆಸರು ಉಳಿಸಲು ಬಾಗಿಲಿನಿಂದ ತಿರುಗಿ ಬಂದಿದ್ದಳು. ನಾನು ಬೈಯಬೇಕಿತ್ತು, ಕೈ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ನನಗೆ ಒಳಗೊಳಗೇ ಸಮಾಧಾನವಾಯಿತು. ಹಬ್ಬ ಮುಗಿದ ಮೇಲೆ ನಾನೇ ಜೊತೆಗೆ ಬರುತ್ತೇನೆ ಎಂದೆ.

ಹಬ್ಬಕ್ಕೆ ಎರಡು ದಿನ ಇತ್ತು. ಮುಂಜಾನೆಯ ಚಹದ ಬಿಡುವು ಮುಗಿದು ಮತ್ತೆ ನಿಂತಿದ್ದೆವು. "ಅಕ್ಕಾ, ಕೈ ಎತ್ತಾಕ ಬರವಲ್ದು" ಎಂದಳು. ನಾನು ತಲೆ ಎತ್ತುವುದರೊಳಗೆ ಬ್ಲೇಡು ನೆಲಕ್ಕೆ ಬಿತ್ತು. ಆಕೆ ನನ್ನ ಕಡೆ ತಿರುಗಿದಳು. ಮುಖದ ಒಂದು ಭಾಗ ನನ್ನನ್ನು ನೋಡುತ್ತಿತ್ತು, ಇನ್ನೊಂದು ಜೋತುಬಿದ್ದಿತ್ತು. ಏನೋ ಹೇಳಲು ಬಾಯಿ ತೆರೆದಳು, ಬರೀ ಜೊಲ್ಲು ಬಂತು. ಡಬ್ಬಿಗಳ ರಾಶಿಯ ಮೇಲೆಯೇ ಕುಸಿದಳು. ಚಕ್ಕರ್ ಬಂದಿದೆ ಎಂದು ನೀರು ಚಿಮುಕಿಸಿದರು, ಈರುಳ್ಳಿ ತಂದು ಮೂಗಿಗೆ ಹಿಡಿದರು. ಆಂಬುಲೆನ್ಸ್ ಬಂದಾಗ ಅದರಲ್ಲಿದ್ದ ಮನುಷ್ಯ ರಟ್ಟೆಗೆ ಪಟ್ಟಿ ಸುತ್ತಿದ. ಕಸ್ತೂರಿಯ ರಟ್ಟೆಗೆ ಆ ಪಟ್ಟಿ ಬಿದ್ದದ್ದು ಆ ಮಳೆಗಾಲದಲ್ಲಿ ಅದೇ ಮೊದಲು. ಆತ ಎರಡು ಸಲ ಗಾಳಿ ತುಂಬಿ ನೋಡಿದ. ಇನ್ನೂರರ ಮೇಲೆ ಎಂದು ಡ್ರೈವರನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ದೊಡ್ಡಾಸ್ಪತ್ರೆಯಲ್ಲಿ ತಲೆಯ ಫೋಟೋ ತೆಗೆದು, ಒಳಗೆ ರಕ್ತನಾಳ ಒಡೆದಿದೆ ಎಂದರು. ಬೆಳಗಾವಿ ಕಡೆಯ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಇದ್ದಳು. ಕನ್ನಡದಲ್ಲೇ ಕೇಳಿದಳು.

"ಮೊದಲಿಂದ ಬಿಪಿ ಇತ್ತೇನ್ರಿ? ಯಾವರೆ ಗುಳಿಗಿ ತಗೋತಿದ್ರಾ?"

"ಇಲ್ರಿ ಮೇಡಂ" ಎಂದ ಯಮನಪ್ಪ. ಹಮಾಲಿಯ ಅರಿವೆಯಲ್ಲೇ ಓಡಿ ಬಂದಿದ್ದ, ಮೈತುಂಬ ಸಿಮೆಂಟಿನ ಪುಡಿ. "ಆಕಿ ಗುಳಿಗಿ ನುಂಗಾಕಿ ಅಲ್ರಿ. ಜ್ವರ ಬಂದ್ರೂ ಕಷಾಯ ಕುಡದು ಮಲಗಾಕಿ."

ನಾನು ಅವನ ಹಿಂದೆಯೇ ನಿಂತಿದ್ದೆ. ಕಸ್ತೂರಿಯ ಗುಟ್ಟು ರಟ್ಟಾಗುತ್ತದೆಂದು ಸುಮ್ಮನಾದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಖರೇ ಸಂಗತಿ ಅದಲ್ಲ. ಚೀಟಿಯ ಹೆಸರು ಕಣ್ಣಮುಂದೆ ಬರುತ್ತಿತ್ತು. ಪೊಲೀಸರು ಬಂದರೆ, ಕಂಟ್ರಾಕ್ಟರನಿಗೆ ಗೊತ್ತಾದರೆ ಎಂದು ಹೆದರಿದ್ದೆ. ಒಬ್ಬಳು ಸಾಯಲು ಬಿದ್ದಿದ್ದಳು, ನಾನು ನನ್ನ ಹೆಸರಿನ ಚಿಂತೆಯಲ್ಲಿದ್ದೆ. ಖೋಲಿಗೆ ಬಂದು ಕಸ್ತೂರಿಯ ಮಕ್ಕಳಿಗೆ ಉಣ್ಣಲು ಇಟ್ಟೆ. ಭಾಗ್ಯ ಪಲ್ಯಕ್ಕೆ ಖಾರ ಬೇಕೆಂದು ಡಬ್ಬಿಗೆ ಕೈ ಹಾಕಿ ಸ್ಟ್ರಿಪ್ಪನ್ನು ಹೊರತೆಗೆದು, "ದೊಡ್ಡವ್ವ, ಇದೇನ?" ಎಂದು ಕೇಳಿದಳು. ಅದರಲ್ಲಿ ಅರ್ಧದಷ್ಟು ಗುಳಿಗೆಗಳು ಇನ್ನೂ ಉಳಿದಿದ್ದವು.

ಮರುದಿನ ಮಧ್ಯಾಹ್ನ ಅದನ್ನೂ ಚೀಟಿಯನ್ನೂ ತೆಗೆದುಕೊಂಡು ಹೋಗಿ ಆ ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಆಕೆ ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು.

"ಇದು ನಿಮ್ಮ ಬಿಪಿ" ಎಂದಳು.

"ಹೌದ್ರಿ."

"ಆಕಿದು?"

"ನೋಡಿಸಿದ್ದಿಲ್ರಿ."

ಆಕೆ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಗುಳಿಗೆ ವಿಷವೇನಲ್ಲ, ನಿಮ್ಮಂಥವರಿಗೆ ನಡೆಯುತ್ತದೆ ಎಂದಳು. ಬಸುರಿನಲ್ಲಿ ಏರಿದ ಬಿಪಿ ಇಳಿಯದೇ ಹಾಗೇ ಉಳಿದಿತ್ತೋ, ಗುಳಿಗೆಯಿಂದ ಹೊಸದಾಗಿ ಏರಿತೋ, ಇದ್ದದ್ದರ ಮೇಲೆ ಇನ್ನಷ್ಟು ಏರಿತೋ, ಅದನ್ನು ಈಗ ಯಾರೂ ಹೇಳಲಾರರು, ಮೊದಲು ಎಷ್ಟಿತ್ತೆಂದು ಯಾರೂ ನೋಡಿಲ್ಲವಲ್ಲ ಎಂದಳು. ನಿನ್ನೆಯೇ ಹೇಳಿದ್ದರೆ ಆಕೆಯ ಕೈ ಉಳಿಯುತ್ತಿತ್ತೇ ಎಂದು ಕೇಳಿದೆ.

"ನಿನ್ನೆ ಹೇಳಿದ್ರೂ ಅಷ್ಟ, ಇವತ್ತ ಹೇಳಿದ್ರೂ ಅಷ್ಟ. ಜೂನ್‌ನ್ಯಾಗ ಹೇಳಬೇಕಾಗಿತ್ರಿ" ಎಂದಳು.

ಯಮನಪ್ಪನಿಗೆ ನಾನೇ ಹೇಳಿದೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದ. ಸಿಟ್ಟಾಗುತ್ತಾನೆ, ನಾಲ್ಕು ಜನರ ಮುಂದೆ ಹೊಡೆದರೂ ಹೊಡೆದಾನು ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. "ನನಗ ಹೇಳಬಾರದಾಗಿತ್ತೇನ್ರಿ ಅಕ್ಕಾರ? ನಾ ಏನ್ ಹುಲಿ ಇದ್ನಾ?" ಎಂದ. ಹುಲಿ ನೀನಲ್ಲಪ್ಪ, ನಿನ್ನ ಅವ್ವನ ಮುಂದೆ ನೀನು ಇಲಿ, ಅದಕ್ಕೇ ಹೇಳಲಿಲ್ಲ ಎನ್ನಬೇಕೆನಿಸಿತು. ಅವನ ಅವಸ್ಥೆ ನೋಡಿ ನುಂಗಿಕೊಂಡೆ. ಮುಂದಿನ ಐದು ವಾರ ಅವನು ಕೂಲಿ ಬಿಟ್ಟು ಆಸ್ಪತ್ರೆಯಲ್ಲೇ ಉಳಿದ. ಹೆಂಡತಿಯ ಮೈ ಒರೆಸಿದ, ತಲೆ ಬಾಚಿದ, ಗಂಜಿ ಕುಡಿಸಿದ. ನರ್ಸುಗಳು ಅವನನ್ನು ಬೇರೆ ಗಂಡಸರಿಗೆ ತೋರಿಸಿ ನೋಡಿ ಕಲಿಯಿರಿ ಎನ್ನುತ್ತಿದ್ದರು.

ನಮ್ಮ ಸಾಲಿನ ಹೆಂಗಸರು ಆ ವಾರ ಹಾಜರಿ ಹೋದರೆ ಹೋಗಲಿ ಎಂದು ಎಲ್ಲರೂ ಕೂಡಿ ದವಾಖಾನೆಗೆ ಹೋದೆವು. ಒಬ್ಬೊಬ್ಬರಾಗಿ ರಟ್ಟೆ ಚಾಚಿದೆವು. ಹಸೀನಾಳಿಗೆ ಸ್ವಲ್ಪ ಏರಿತ್ತು, ಆಕೆ ವಾಂತಿಯಾಗಿ ಬಿಟ್ಟದ್ದೇ ಪುಣ್ಯ ಎಂದರು. ಕೊನೆಯ ಖೋಲಿಯ ಹುಡುಗಿಗೆ ಏನೂ ಇರಲಿಲ್ಲ. ನನಗೆ ಮತ್ತೆ ನೂರಾ ಹತ್ತಕ್ಕೆ ಎಪ್ಪತ್ತು. ಆ ಸಂಖ್ಯೆ ಕೇಳಿ ನನಗೆ ಎಂದೂ ಆಗದಷ್ಟು ನಾಚಿಕೆಯಾಯಿತು.

ಮಳೆ ಹಿಂದೆ ಸರಿದು ಬಿಸಿಲು ಬಿದ್ದ ಮೇಲೆ ಕಸ್ತೂರಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಬಲಗೈ, ಬಲಗಾಲು ಹೋಗಿದ್ದವು. ಮಾತು ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಇನ್ನೊಂದು ಬಸುರಾದರೆ ಜೀವಕ್ಕೇ ಅಪಾಯ, ಈ ಗುಳಿಗೆಯಂತೂ ಇನ್ನು ಮುಟ್ಟಲೇಬಾರದು, ಬೇರೆ ಉಪಾಯ ಮಾಡಿಸಲೇಬೇಕು ಎಂದು ಡಾಕ್ಟರಮ್ಮ ಯಮನಪ್ಪನಿಗೆ ಎರಡೆರಡು ಸಲ ಬಿಡಿಸಿ ಹೇಳಿದಳು. ಊರಿಗೆ ಹೋಗಿ ಮಾಡಿಸ್ತೀವ್ರಿ ಎಂದು ಅವನು ತಲೆಯಾಡಿಸಿದ. ಸಾಮಾನು ಕಟ್ಟಿಕೊಂಡು ಊರಿಗೆ ಹೊರಟರು. ಬೀಳ್ಕೊಡಲು ನಾನು ಫೋಂಡಾ ಬಸ್ ಸ್ಟ್ಯಾಂಡಿಗೆ ಹೋದೆ.

ಕಸ್ತೂರಿಯನ್ನು ಕಿಟಕಿಯ ಪಕ್ಕ ಕೂರಿಸಿದ್ದರು. ಮಕ್ಕಳು ಹಿಂದಿನ ಸೀಟಿನಲ್ಲಿದ್ದರು. ನಾನು ಆಕೆಯ ಪಕ್ಕ ಕೂತೆ. ಇಷ್ಟು ದಿನ ಹೇಳದ್ದನ್ನು ಆಗ ಹೇಳಿದೆ.

"ಕಸ್ತೂರಿ, ಕಾಲು ಬಾತಿದ್ವೇನು ಅಂತ ಆವತ್ತ ಡಾಕ್ಟರ್ ನನಗ ಕೇಳಿದ್ರು. ನಿಂದು ನೆನಪಿತ್ತು. ನಾ ಹೇಳ್ಲಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದಳು. ಎಡಗೈಯಿಂದ ನನ್ನ ಕೈ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ನನ್ನ ಅಂಗೈಯನ್ನು ಒತ್ತಿದಳು. ಕ್ಷಮಿಸಿದಳೆಂದುಕೊಂಡೆ, ಕಣ್ಣಲ್ಲಿ ನೀರು ಬಂತು. ಆಕೆ ಸಿಡುಕಿನಿಂದ ತಲೆಯಾಡಿಸಿದಳು. ಮತ್ತೆ ಜೋರಾಗಿ ಒತ್ತಿ, ಬೆರಳುಗಳನ್ನು ತನ್ನ ಬಾಯಿಯ ಹತ್ತಿರ ಒಯ್ದಳು. ಮತ್ತೆ ಒತ್ತಿದಳು, ಮತ್ತೆ ಬಾಯಿಗೆ ಒಯ್ದಳು. ಸ್ಟ್ರಿಪ್ಪಿನಿಂದ ಗುಳಿಗೆ ಒತ್ತಿ ತೆಗೆಯುವುದನ್ನು ತೋರಿಸುತ್ತಿದ್ದಳು. ಕೆಳಗೆ ನೀರಿನ ಬಾಟಲಿ ಕೊಳ್ಳುತ್ತಿದ್ದ ಗಂಡನತ್ತ ಕಣ್ಣು ಹೊರಳಿಸಿ, ಅವನು ಬರುವುದರೊಳಗೆ ಕೊಡು ಎನ್ನುವಂತೆ ನನ್ನ ಕೈ ಜಗ್ಗಿದಳು.

"ಇಲ್ಲವ್ವಾ. ಅದು ನಿನಗ ನಡಿಯಂಗಿಲ್ಲ" ಎಂದೆ. ಆಕೆ ನಂಬಲಿಲ್ಲ. ನನ್ನ ಕೈಚೀಲದೊಳಗೆ ಕೈ ಹಾಕಿ ತಡಕಾಡಿದಳು.

ನಾನು ಇಳಿದು ಯಮನಪ್ಪನನ್ನು ಪಕ್ಕಕ್ಕೆ ಕರೆದೆ. ಗಂಡಸರ ಮುಂದೆ ಇಂಥ ಮಾತು ಅಲ್ಲಿಯವರೆಗೆ ನಾನು ಆಡಿದವಳಲ್ಲ.

"ಯಮನಪ್ಪ, ಆಕಿ ಮೈ ಇನ್ನ ಏನೂ ತಡಿಯಂಗಿಲ್ಲ. ನೀವು ಆಪರೇಶನ್ ಮಾಡಿಸ್ಕೋರಿ. ಗಂಡಸರದು ಒಂದು ದಿನದ ಕೆಲಸ, ಡಾಕ್ಟರ್‌ನ ಕೇಳೇನಿ."

ಅವನು ಸಿಟ್ಟಾಗಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದ.

"ಊರಿಗೆ ಹೋಗಿ ಅವ್ವನ್ನ ಒಂದು ಮಾತು ಕೇಳ್ತೇನ್ರಿ ಅಕ್ಕಾರ" ಎಂದ.

"ಅವ್ವನ್ನ ಯಾಕ ಕೇಳ್ತೀರಿ, ಆಕಿನ್ನ ಕೇಳ್ರಿ" ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಕಂಡಕ್ಟರ್ ತಿರುಗಿ ನೋಡಿದ. ಯಮನಪ್ಪ ಕಿಟಕಿಯತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ ಬಸ್ಸು ಹತ್ತಿದ. ಬಸ್ಸು ಹೊರಟಾಗ ಕಸ್ತೂರಿಯ ಎಡಗೈ ಕಿಟಕಿಯ ಹೊರಗಿತ್ತು. ಕೈ ಬೀಸುತ್ತಿರಲಿಲ್ಲ. ಅಂಗೈ ಮೇಲಾಗಿ ಚಾಚಿಕೊಂಡೇ ಇತ್ತು.

ಮರುವರ್ಷ ಮಳೆ ಹಿಡಿಯುವ ಹೊತ್ತಿಗೆ ಭಾಗ್ಯ ಫೋನು ಮಾಡಿದಳು. ಹೇಗಿದ್ದೀರಿ, ಶಾಲೆಗೆ ಹೋಗುತ್ತಿದ್ದೀಯಾ ಎಂದು ನಾನು ಕೇಳುತ್ತಲೇ ಇದ್ದೆ.

"ದೊಡ್ಡವ್ವ, ಅವ್ವಗ ಐದು ತಿಂಗಳಾಗ್ಯಾವ" ಎಂದಳು.